ಟಿಸಿಯ ಕೊನೆಯ ಸಾಲುಗಳು: ನಿಕಲ್ ಸೂಪರ್‌ಅಲಾಯ್‌ನಲ್ಲಿ ಪಿಪಿಎಂ ಲೆಕ್ಕ ಹಿಡಿಯುವುದು ಹೇಗೆ

ಬೆಳಗಾವಿ ಉದ್ಯಮಬಾಗದ ಫೌಂಡ್ರಿಯಲ್ಲಿ ಎಸ್‌ಜಿ ಐರನ್, ಅಂದರೆ ಒಳಗಿನ ಗ್ರಾಫೈಟ್ ಗುಂಡಗಿರುವ ಎರಕದ ಕಬ್ಬಿಣ, ಸುರಿದವರಿಗೆ ಈ ವಿಷಯ ಅರ್ಧ ಆಗಲೇ ಗೊತ್ತಿರುತ್ತದೆ. ಮೆಗ್ನೀಷಿಯಂ 0.04% ಆಸುಪಾಸು ಉಳಿದರೆ ಗ್ರಾಫೈಟ್ ಗುಂಡಗಾಗುತ್ತದೆ. ಅದು ಇಳಿದುಹೋದರೆ ಇಡೀ ಲ್ಯಾಡಲ್ ದಂಡ. ಸ್ಕ್ರ್ಯಾಪ್ ಜೊತೆ ಒಂದಿಷ್ಟು ಸೀಸ ಸೇರಿಕೊಂಡು ಬಂದರೂ ಸಾಕು, ನಾಡ್ಯೂಲ್, ಅಂದರೆ ಆ ಗ್ರಾಫೈಟ್ ಗುಂಡು, ಕೆಡುತ್ತದೆ. ನೂರರಲ್ಲಿ ಒಂದು ಪಾಲೂ ಇಲ್ಲದ ಧಾತು ಇಡೀ ಕಾಸ್ಟಿಂಗಿನ ಹಣೆಬರಹ ಬರೆಯುತ್ತದೆ ಅಂತ ನಮ್ಮೂರಿನ ಫರ್ನೇಸ್ ಆಪರೇಟರಿಗೆ ಯಾರೂ ಪಾಠ ಮಾಡಬೇಕಿಲ್ಲ. ನಿಕಲ್ ಸೂಪರ್‌ಅಲಾಯ್‌ನಲ್ಲೂ, ಅಂದರೆ ತೀರಾ ಬಿಸಿಯಲ್ಲೂ ಬಲ ಬಿಡದ ನಿಕಲ್ ಮಿಶ್ರಲೋಹದಲ್ಲೂ, ಆಟ ಇದೇ. ಆದರೆ ಅಲ್ಲಿ ಲೆಕ್ಕ ಇನ್ನೂ ನೂರು ಪಟ್ಟು ಸಣ್ಣದು, ಕೆಲವು ಕಡೆ ಸಾವಿರ ಪಟ್ಟು.

ಹತ್ತರಗಿಯಲ್ಲಿ ಏರೋಸ್ಪೇಸ್ ಎಸ್‌ಇಝಡ್ ಬಂದ ಮೇಲೆ ಬೆಳಗಾವಿಯ ಸಣ್ಣ ವರ್ಕ್‌ಶಾಪ್‌ಗಳಲ್ಲೂ ವಿಮಾನದ ಬಿಡಿಭಾಗಗಳ ಮಾತು ಕೇಳಿಸುತ್ತದೆ. ವಾಲ್ವ್, ಟರ್ಬೈನ್ ಕಡೆಯಿಂದ ಇಂಕೊನೆಲ್ ಅನ್ನುವ ನಿಕಲ್ ಅಲಾಯ್ ಕೆಲಸ ಬರುವುದೂ ಇದೆ. ಹಾಗೆ ಮೊದಲ ಸಲ ನಿಕಲ್ ಅಲಾಯ್ ಕೈಗೆ ಬಂದವರು, ಇನ್ವೆಸ್ಟ್‌ಮೆಂಟ್ ಕಾಸ್ಟಿಂಗ್‌ಗೆ ಕೈ ಹಾಕಬೇಕು ಅಂದುಕೊಂಡವರು, ವಿಟಿಯುನಲ್ಲಿ ಮೆಕ್ಯಾನಿಕಲ್ ಓದುತ್ತಾ ಪ್ರಾಜೆಕ್ಟ್‌ಗೆ ಸೂಪರ್‌ಅಲಾಯ್ ಆರಿಸಿಕೊಂಡವರು, ನಿಮಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಮಟೀರಿಯಲ್ ಜೊತೆ ಬರುವ ಟೆಸ್ಟ್ ಸರ್ಟಿಫಿಕೇಟನ್ನು, ಅಂದರೆ ನಾವೆಲ್ಲ ಟಿಸಿ ಅನ್ನುವ ಕಾಗದವನ್ನು, ಮೇಲಿನಿಂದ ಓದುತ್ತೇವೆ. ನಿಕಲ್ ಎಷ್ಟು, ಕ್ರೋಮಿಯಂ ಎಷ್ಟು, ಸರಿ ಇದೆ, ಸಹಿ. ಸೂಪರ್‌ಅಲಾಯ್ ಬಂದಾಗ ಅದನ್ನು ಕೆಳಗಿನಿಂದ ಓದಿ. ಬಿಸಿಯಲ್ಲಿ ಆ ಭಾಗ ಎಷ್ಟು ಗಂಟೆ ಬಾಳುತ್ತದೆ ಅನ್ನುವುದು ಬಹುಪಾಲು ಆ ಕೊನೆಯ ಸಾಲುಗಳಲ್ಲಿದೆ.

ಮೊದಲು ಸೊನ್ನೆಗಳ ಲೆಕ್ಕ

ಟಿಸಿಯಲ್ಲಿ ಕೆಲವು ಲ್ಯಾಬ್ ಶೇಕಡಾ ಬರೆಯುತ್ತದೆ, ಕೆಲವು ಪಿಪಿಎಂ ಬರೆಯುತ್ತದೆ, ಕೆಲವು ಒಂದೇ ಹಾಳೆಯಲ್ಲಿ ಎರಡನ್ನೂ ಕಲಸಿ ಬರೆಯುತ್ತವೆ. ಪಿಪಿಎಂ ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. ಒಂದೇ ಸೂತ್ರ ನೆನಪಿಡಿ: 0.0001% ಅಂದರೆ 1 ಪಿಪಿಎಂ. ಒಂದು ಟನ್ ಲೋಹದಲ್ಲಿ 1 ಗ್ರಾಂ.

ಇಂಕೊನೆಲ್ 718 ಬಾರ್‌ಗೆ ಎಎಂಎಸ್ 5662 ಅನ್ನುವ ಸ್ಪೆಸಿಫಿಕೇಶನ್ ಇದೆ, ಏರೋಸ್ಪೇಸ್‌ನಲ್ಲಿ ಅದೇ ಜಾಸ್ತಿ ಓಡುವುದು. ಅದರಲ್ಲಿ ಸೀಸ ಗರಿಷ್ಠ 0.0005%, ಅಂದರೆ 5 ಪಿಪಿಎಂ. ಸೆಲೆನಿಯಂ 0.0003%, ಅಂದರೆ 3 ಪಿಪಿಎಂ. ಬಿಸ್ಮತ್ 0.00003%. ಸೊನ್ನೆಗಳನ್ನು ಬೆರಳಿಟ್ಟು ಎಣಿಸಿ, ಇದು 0.3 ಪಿಪಿಎಂ. 500 ಕಿಲೋ ಕರಗಿಸುವ ಫರ್ನೇಸ್ ಇದ್ದರೆ ಅದರೊಳಗೆ ಇರಬಹುದಾದ ಬಿಸ್ಮತ್ ಒಟ್ಟು 0.15 ಗ್ರಾಂ. ಡೋಲೋ 650 ಮಾತ್ರೆಯನ್ನು ನಾಲ್ಕು ಚೂರು ಮಾಡಿದರೆ ಒಂದು ಚೂರು ಎಷ್ಟಾಗುತ್ತದೋ ಅಷ್ಟು, ಅರ್ಧ ಟನ್ ಲೋಹಕ್ಕೆ!

ಇಷ್ಟು ಕಟ್ಟುನಿಟ್ಟು ಏಕೆ ಬೇಕು? ಸುಮ್ನೆ ವಿದೇಶಿ ಗ್ರಾಹಕರ ಜಂಬ ಅಂತ ಒಬ್ಬರು ವಾದ ಮಾಡಿದ್ದನ್ನು ಕೇಳಿದ್ದೇನೆ. ಜಂಬ ಅಲ್ಲ.

ಪಿಪಿಎಂ ಹೋಗಿ ಕೂರುವ ಜಾಗ

ಲೋಹದ ಒಳಗೆಲ್ಲ ಸಣ್ಣ ಸಣ್ಣ ಹರಳುಗಳು, ಅಂದರೆ ಗ್ರೇನ್‌ಗಳು, ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಸೂಪರ್‌ಅಲಾಯ್‌ನ ಬಲ ಬರುವುದು ಗ್ರೇನ್ ಒಳಗಿರುವ ಅತಿ ಸಣ್ಣ ಕಣಗಳಿಂದ. ಬಹುತೇಕ ಅಲಾಯ್‌ಗಳಲ್ಲಿ ಅದು ನಿಕಲ್ ಜೊತೆ ಅಲ್ಯೂಮಿನಿಯಂ, ಟೈಟಾನಿಯಂ ಸೇರಿದ ಗಾಮಾ ಪ್ರೈಮ್. 718ರಲ್ಲಿ ಮುಖ್ಯವಾಗಿ ನಿಕಲ್–ನಿಯೋಬಿಯಂ ಸೇರಿದ ಗಾಮಾ ಡಬಲ್ ಪ್ರೈಮ್. ಗ್ರೇನ್ ಒಳಗೆ ಗಟ್ಟಿ ಆಯಿತು, ಸರಿ. ಆದರೆ 650–900 ಡಿಗ್ರಿ ಬಿಸಿಯಲ್ಲಿ ಗಂಟೆಗಟ್ಟಲೆ ಎಳೆತ ಬಿದ್ದಾಗ ಲೋಹ ಸೋಲುವುದು ಹೆಚ್ಚಾಗಿ ಗ್ರೇನ್ ಒಳಗಲ್ಲ, ಗ್ರೇನ್ ಗಡಿಯಲ್ಲಿ. ಎಳೆತಕ್ಕೆ ಅಡ್ಡವಾಗಿ ನಿಂತ ಗಡಿಯಲ್ಲಿ ಮೊದಲು ಸಣ್ಣ ತೂತುಗಳು ಹುಟ್ಟುತ್ತವೆ. ಅವು ಬೆಳೆದು, ಒಂದಕ್ಕೊಂದು ಸೇರಿ, ಬಿರುಕಾಗುತ್ತವೆ. ಕ್ರೀಪ್ ರಪ್ಚರ್ ಅಂದರೆ ಇದೇ.

ಈಗ ಮುಖ್ಯ ಮಾತಿಗೆ ಬರೋಣ. ನಿಕಲ್ ಪರಮಾಣುವಿಗಿಂತ ತೀರಾ ದೊಡ್ಡದು ಅಥವಾ ತೀರಾ ಸಣ್ಣದು ಇರುವ ಧಾತುಗಳಿಗೆ ಗ್ರೇನ್ ಒಳಗೆ ಜಾಗ ಸಿಗುವುದಿಲ್ಲ. ಅವು ಗಡಿಗೆ ಬಂದು ಕೂರುತ್ತವೆ. ಸೀಸ, ಬಿಸ್ಮತ್, ಥ್ಯಾಲಿಯಂ ದೊಡ್ಡವು. ಬೋರಾನ್ ಸಣ್ಣದು. ಜಿರ್ಕೋನಿಯಂ ದೊಡ್ಡದು. ಒಳ್ಳೆಯವು, ಕೆಟ್ಟವು ಎಲ್ಲ ಒಂದೇ ಸೀಟಿಗೆ ಟವೆಲ್ ಹಾಕುತ್ತವೆ.

ಒಂದು ಪುಟ್ಟ ಲೆಕ್ಕ ಮಾಡಿ ನೋಡಿ, ಕ್ಯಾಲ್ಕುಲೇಟರ್ ಸಾಕು. ಗ್ರೇನ್ ಅಗಲ 100 ಮೈಕ್ರಾನ್ ಅಂತಿಟ್ಟುಕೊಳ್ಳಿ. ಗಡಿಯ ದಪ್ಪ ಸುಮಾರು ಅರ್ಧ ನ್ಯಾನೋಮೀಟರ್, ಅಂದರೆ ಒಂದೆರಡು ಪರಮಾಣುಗಳಷ್ಟು. ಗಡಿಯಲ್ಲಿರುವ ಲೋಹದ ಪಾಲು ಸುಮಾರು 3 ಗುಣಿಸು 0.5 ನ್ಯಾನೋಮೀಟರ್, ಭಾಗಿಸು 100 ಮೈಕ್ರಾನ್. ಬರುವ ಉತ್ತರ ಹತ್ತು ಲಕ್ಷಕ್ಕೆ 15. ಅಂದರೆ ಲೋಹದ ಪ್ರತಿ ಹತ್ತು ಲಕ್ಷ ಪರಮಾಣುವಿನಲ್ಲಿ ಗಡಿಯಲ್ಲಿ ಇರುವುದು ಬರೀ 15. ಹಾಗಾದರೆ ಯಾವುದೋ ಧಾತು 15 ಪಿಪಿಎಂ ಇದ್ದು ಅದೆಲ್ಲ ಗಡಿಗೇ ಬಂದರೆ ಇಡೀ ಗಡಿ ಅದರ ವಶ. ಗ್ರೇನ್ 20 ಮೈಕ್ರಾನ್ ಇದ್ದರೆ ಇದೇ ಲೆಕ್ಕ 75 ಆಗುತ್ತದೆ. ಸಣ್ಣ ಗ್ರೇನ್‌ನಲ್ಲಿ ಗಡಿ ಜಾಸ್ತಿ, ಹೊಲಸು ಹರಡಿಕೊಳ್ಳುತ್ತದೆ. ಅದಕ್ಕೇ ದೊಡ್ಡ ಗ್ರೇನಿನ ಕಾಸ್ಟಿಂಗ್‌ಗೆ ಪಿಪಿಎಂ ಕಾಟ ಜಾಸ್ತಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಟಿಸಿಯಲ್ಲಿರುವುದು ತೂಕದ ಪಿಪಿಎಂ, ನಾವು ಈಗ ಮಾಡಿದ್ದು ಪರಮಾಣುಗಳ ಲೆಕ್ಕ. ತೂಕದ ಪಿಪಿಎಂ ಅನ್ನು 58ರಿಂದ ಗುಣಿಸಿ ಆ ಧಾತುವಿನ ಪರಮಾಣು ತೂಕದಿಂದ ಭಾಗಿಸಿದರೆ ಪರಮಾಣು ಪಿಪಿಎಂ ಹತ್ತಿರಹತ್ತಿರ ಸಿಗುತ್ತದೆ. ಬೋರಾನ್ ತೂಕ 10.8 ಮಾತ್ರ. ಆದ್ದರಿಂದ ಟಿಸಿಯಲ್ಲಿ 0.005% ಅಂತ ಕಾಣುವ ಬೋರಾನ್, ಅಂದರೆ ತೂಕದಲ್ಲಿ 50 ಪಿಪಿಎಂ, ಎಣಿಕೆಯಲ್ಲಿ ಸುಮಾರು 270 ಪಿಪಿಎಂ ಆಗುತ್ತದೆ. ಚಿಟಿಕೆ ಹಾಕಿದರೂ ಗಡಿ ತುಂಬಿ ಉಳಿಯುತ್ತದೆ. ಬಿಸ್ಮತ್ ತೂಕ 209. ಅದರದ್ದು ಉಲ್ಟಾ, 0.3 ಪಿಪಿಎಂ ಅಂದರೆ ಎಣಿಕೆಯಲ್ಲಿ 0.1 ಪಿಪಿಎಂ ಕೂಡ ಇಲ್ಲ. ಗಡಿ ತುಂಬಲು ಎಲ್ಲಿ ಸಾಲುತ್ತದೆ ಅಂತ ಕೇಳಬಹುದು. ನಿಜ, ಸಾಲುವುದಿಲ್ಲ. ಆದರೆ ಬಿಸ್ಮತ್‌ಗೆ ಗಡಿ ಪೂರ್ತಿ ಬೇಕಿಲ್ಲ. ತೂತು ಹುಟ್ಟುವ ಜಾಗದಲ್ಲಿ ಹೋಗಿ ಕೂತು, ಆ ತೂತಿನ ಮೇಲ್ಮೈಯನ್ನು ಹಿಡಿದು, ಅದು ಹುಟ್ಟುವುದನ್ನೂ ಬೆಳೆಯುವುದನ್ನೂ ಸಲೀಸು ಮಾಡಿದರೆ ಅದರ ಕೆಲಸ ಮುಗಿಯಿತು.

ಬೇಕಾದ ಪಿಪಿಎಂ: ಬೋರಾನ್, ಜಿರ್ಕೋನಿಯಂ

ಪಿಪಿಎಂ ಅಂದ ಕೂಡಲೇ ಕಲ್ಮಶ ಅಂದುಕೊಳ್ಳಬೇಡಿ. ಬೋರಾನ್, ಜಿರ್ಕೋನಿಯಂ ಇಲ್ಲದಿದ್ದರೆ ಹಲವು ಸೂಪರ್‌ಅಲಾಯ್‌ಗಳು ಬಿಸಿಯಲ್ಲಿ ಅರ್ಧ ದಾರಿಯಲ್ಲೇ ಕೈಕೊಡುತ್ತವೆ.

ಇದು ಗೊತ್ತಾದ ಬಗೆಯೇ ಮಜಾ ಇದೆ, ಫೌಂಡ್ರಿಯವರಂತೂ ಓದಲೇಬೇಕು. 1950ರ ದಶಕದಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಡೆಕರ್, ರೋ, ಫ್ರೀಮನ್ ಅನ್ನುವ ಮೂವರು ನಿಕಲ್, ಕ್ರೋಮಿಯಂ, ಕೋಬಾಲ್ಟ್ ಇರುವ ಒಂದೇ ಅಲಾಯನ್ನು ಬೇರೆ ಬೇರೆ ಮೂಸೆಗಳಲ್ಲಿ ಕರಗಿಸಿದರು. ಒಂದು ಮೆಗ್ನೀಷಿಯಾ ಮೂಸೆ, ಇನ್ನೊಂದು ಜಿರ್ಕೋನಿಯಾ ಮೂಸೆ. ಅಲಾಯ್ ಅದೇ, ಆದರೆ ಬಿಸಿಯಲ್ಲಿ ಬಾಳಿಕೆ ಬೇರೆ ಬೇರೆ! ಮೂಸೆಯ ಗೋಡೆಯಿಂದ ಪಿಪಿಎಂ ಲೆಕ್ಕದಲ್ಲಿ ಬೋರಾನ್, ಜಿರ್ಕೋನಿಯಂ ಲೋಹಕ್ಕೆ ಇಳಿಯುತ್ತಿತ್ತು, ವ್ಯತ್ಯಾಸ ಅದರದ್ದು. 1958ರಲ್ಲಿ ಇದು ನಾಸಾಗಿಂತ ಮುಂಚೆ ಇದ್ದ ನಾಕಾ ಸಂಸ್ಥೆಯ ವರದಿಯಾಗಿ ಬಂತು. ಆಮೇಲೆ ಉಡಿಮೆಟ್ 500 ಅಲಾಯ್‌ಗೆ ಬೇಕಂತಲೇ 0.009% ಬೋರಾನ್, 0.01% ಜಿರ್ಕೋನಿಯಂ ಹಾಕಿ 870 ಡಿಗ್ರಿಯಲ್ಲಿ ಪರೀಕ್ಷೆ ಮಾಡಿದಾಗ ರಪ್ಚರ್ ಆಯಸ್ಸು ಸುಮಾರು 13 ಪಟ್ಟು ಏರಿತು, ಒಡೆಯುವ ಮುಂಚೆ ಹಿಗ್ಗುವ ಪ್ರಮಾಣ ಸುಮಾರು 7 ಪಟ್ಟು. ಗಾಮಾ ಪ್ರೈಮ್ ಮುಟ್ಟಲಿಲ್ಲ, ಕ್ರೋಮಿಯಂ ಮುಟ್ಟಲಿಲ್ಲ.

ನಮಗೆ ಇದರಿಂದ ಸಿಗುವ ಪಾಠ ಏನಪ್ಪಾ ಅಂದರೆ, ಫರ್ನೇಸ್ ಒಳಗೋಡೆಯ ಲೈನಿಂಗ್ ಕೂಡ ಚಾರ್ಜ್‌ನ, ಅಂದರೆ ಕರಗಿಸಲು ಹಾಕುವ ಮಾಲಿನ, ಒಂದು ಭಾಗ. ಎಸ್‌ಜಿ ಐರನ್ ಓಡಿಸುವ ಸಿಲಿಕಾ ರ‍್ಯಾಮಿಂಗ್ ಮಾಸ್‌ನಲ್ಲಿ ಸಿಂಟರ್ ಆಗಲಿ ಅಂತ ಬೋರಿಕ್ ಆಸಿಡ್ ಅಥವಾ ಬೋರಾನ್ ಆಕ್ಸೈಡ್ ಇರುತ್ತದೆ ಅಲ್ವಾ? ಅದೇ ಫರ್ನೇಸ್‌ನಲ್ಲಿ ನಿಕಲ್ ಅಲಾಯ್ ಟ್ರಯಲ್ ಮಾಡೋಣ ಅನ್ನುವ ಯೋಚನೆ ಬಂದರೆ ಅಲ್ಲಿಗೇ ಬಿಟ್ಟುಬಿಡಿ. ಸಿಲಿಕಾ ಗೋಡೆಯ ಜೊತೆ ಅಲ್ಯೂಮಿನಿಯಂ, ಟೈಟಾನಿಯಂ ಜಗಳಕ್ಕೆ ಬೀಳುತ್ತವೆ. ಅವು ಆಕ್ಸೈಡ್ ಆಗಿ ಹೋಗುತ್ತವೆ, ಸಿಲಿಕಾನ್ ಲೋಹಕ್ಕೆ ಇಳಿಯುತ್ತದೆ. 718ರಲ್ಲಿ ಸಿಲಿಕಾನ್ ಏರಿದರೆ ಲಾವೆಸ್ ಅನ್ನುವ, ಗಾಜಿನಂತೆ ಒಡೆಯುವ ಫೇಸ್ ಹುಟ್ಟಿ ನಿಯೋಬಿಯಂ ನುಂಗುತ್ತದೆ. ಬೋರಾನ್ ಬೇರೆ ಲೆಕ್ಕ ತಪ್ಪುತ್ತದೆ.

ಹಾಗಂತ ಬೋರಾನ್ ಒಳ್ಳೆಯದು ಅಂತ ಸುರಿಯುವಂತಿಲ್ಲ. ಜಾಸ್ತಿಯಾದರೆ ಗಡಿಯಲ್ಲಿ ಬೋರೈಡ್ ಕಟ್ಟಿಕೊಳ್ಳುತ್ತದೆ, ಗಡಿ ಕರಗಲು ಶುರುವಾಗುವ ಬಿಸಿ ಕೆಳಗಿಳಿಯುತ್ತದೆ. ವೆಲ್ಡಿಂಗ್ ಮಾಡುವವರಿಗೆ ಇದು ನೇರ ಏಟು: ವೆಲ್ಡ್ ಪಕ್ಕದ ಬಿಸಿ ವಲಯದಲ್ಲಿ ಗಡಿ ಕರಗಿ, ತಣಿಯುವಾಗ ಬಿರುಕು ಬಿಡುತ್ತದೆ. 718ರಲ್ಲಿ ಬೋರಾನ್‌ಗೆ 0.006% ಮಿತಿ ಹಾಕಿರುವುದರ ಹಿಂದೆ ಇದೂ ಇದೆ. ಭಾಗಕ್ಕೆ ವೆಲ್ಡ್ ಇದೆ ಅಂತ ಡ್ರಾಯಿಂಗ್ ಹೇಳಿದರೆ ಮಿತಿಯೊಳಗಿನ ಕೆಳಗಿನ ತುದಿಯ ಬೋರಾನ್ ಇರುವ ಹೀಟ್, ಅಂದರೆ ಒಂದು ಸಲಕ್ಕೆ ಕರಗಿಸಿದ ಲೋಹ, ಕೇಳಿ ತರಿಸಿಕೊಳ್ಳಿ. ಜಿರ್ಕೋನಿಯಂ ಜಾಸ್ತಿಯಾದರೆ ಕಾಸ್ಟಿಂಗ್‌ನಲ್ಲಿ ಹಾಟ್ ಟಿಯರ್ (ಗಟ್ಟಿಯಾಗುವಾಗಲೇ ಬಿಡುವ ಬಿರುಕು) ಮತ್ತು ಸಣ್ಣ ಪೊರಾಸಿಟಿ (ಒಳಗಿನ ತೂತುಗಳು).

ರಂಜಕದ ಕಥೆ ಇನ್ನೂ ವಿಚಿತ್ರ. ಎಲ್ಲ ಪುಸ್ತಕಗಳಲ್ಲೂ ಅದು ಕೆಟ್ಟದ್ದು. ಆದರೆ 1990ರ ದಶಕದಲ್ಲಿ 718ರ ಮೇಲೆ ಮಾಡಿದ ಕೆಲಸದಲ್ಲಿ, ರಂಜಕ ಮತ್ತು ಬೋರಾನ್ ಎರಡನ್ನೂ ಒಟ್ಟಿಗೆ ತೂಗಿ ಇಟ್ಟರೆ ಸ್ಟ್ರೆಸ್ ರಪ್ಚರ್ ಆಯಸ್ಸು ಏರುತ್ತದೆ ಅಂತ ಕಂಡುಬಂತು. ಹಾಗಾಗಿ ರಂಜಕ ಕಡಿಮೆ ಇದ್ದಷ್ಟೂ ಒಳ್ಳೆಯದು ಅಂತ 718ಕ್ಕೆ ಕಣ್ಣು ಮುಚ್ಚಿ ಹೇಳುವಂತಿಲ್ಲ. ವೆಲ್ಡಿಂಗ್‌ಗೆ ಮಾತ್ರ ಅದು ಕೆಟ್ಟದ್ದೇ.

ಇಡೀ ಬ್ಲೇಡ್ ಒಂದೇ ಹರಳಾಗಿರುವ ಸಿಂಗಲ್ ಕ್ರಿಸ್ಟಲ್ ಟರ್ಬೈನ್ ಬ್ಲೇಡ್‌ಗಳಲ್ಲಿ ಗ್ರೇನ್ ಗಡಿಯೇ ಇಲ್ಲ. ಅದಕ್ಕೇ ಮೊದಲ ತಲೆಮಾರಿನ ಅಂಥ ಅಲಾಯ್‌ಗಳಿಂದ ಬೋರಾನ್, ಜಿರ್ಕೋನಿಯಂ, ಕಾರ್ಬನ್ ತೆಗೆದುಹಾಕಿದರು. ಗಡಿ ಇಲ್ಲದ ಮೇಲೆ ಕಾವಲುಗಾರ ಯಾಕೆ! ಅವು ಹೋದ ಮೇಲೆ ಕರಗಲು ಶುರುವಾಗುವ ಬಿಸಿಯೂ ಮೇಲೇರಿ ಹೀಟ್ ಟ್ರೀಟ್‌ಮೆಂಟ್ ಇನ್ನೂ ಬಿಸಿಯಲ್ಲಿ ಮಾಡಲು ದಾರಿಯಾಯಿತು. ಆಮೇಲಿನ ತಲೆಮಾರುಗಳಲ್ಲಿ ಒಂದಿಷ್ಟನ್ನು ವಾಪಸ್ ಹಾಕಿದರು, ಏಕೆಂದರೆ ಸಿಂಗಲ್ ಕ್ರಿಸ್ಟಲ್ ಅಂದರೂ ಅಲ್ಲಲ್ಲಿ ಸಣ್ಣ ಓರೆಯ ಗಡಿಗಳು ಉಳಿದೇ ಉಳಿಯುತ್ತವೆ. ನಮ್ಮ ದೇಶದಲ್ಲಿ ಹೈದರಾಬಾದಿನ ರಕ್ಷಣಾ ಲೋಹ ಸಂಶೋಧನಾಲಯ ಡಿಎಂಆರ್‌ಎಲ್ ಇಂಥ ಬ್ಲೇಡ್ ಮಾಡಿ 2021ರಲ್ಲಿ ಎಚ್‌ಎಎಲ್‌ಗೆ 60 ಬ್ಲೇಡ್ ಕೊಟ್ಟಿತು. ನಮ್ಮ ಕೆಲಸ ಸದ್ಯಕ್ಕೆ ಅಲ್ಲಿಯವರೆಗೆ ಹೋಗುವುದಿಲ್ಲ, ಮುಂದೆ ಹೋಗೋಣ.

ಬೇಡದ ಪಿಪಿಎಂ

ಕೆಟ್ಟವುಗಳಲ್ಲಿ ಎರಡು ಜಾತಿ.

ಮೊದಲನೆಯದು ಬೇಗ ಕರಗುವ ಲೋಹಗಳ ಗುಂಪು. ಬಿಸ್ಮತ್ 271 ಡಿಗ್ರಿಗೆ ಕರಗುತ್ತದೆ, ಥ್ಯಾಲಿಯಂ 304, ಸೀಸ 327, ಟೆಲ್ಯೂರಿಯಂ 450. ನಿಕಲ್ ಕರಗುವುದು 1455ಕ್ಕೆ. ಕಾಸ್ಟಿಂಗ್‌ಗಳಿಗಾಗಿ ಎಎಂಎಸ್ 2280 ಅನ್ನುವ ಪ್ರತ್ಯೇಕ ಸ್ಪೆಸಿಫಿಕೇಶನ್ ಇದೆ, ಅದು ಇವುಗಳಿಗಾಗಿಯೇ ಹುಟ್ಟಿದ್ದು. ಬಿಸ್ಮತ್ ಮತ್ತು ಟೆಲ್ಯೂರಿಯಂ ತಲಾ 0.5 ಪಿಪಿಎಂ, ಸೆಲೆನಿಯಂ 3, ಸೀಸ ಮತ್ತು ಥ್ಯಾಲಿಯಂ ತಲಾ 5. ತವರ, ಆಂಟಿಮನಿ, ಆರ್ಸೆನಿಕ್, ಸತು, ಬೆಳ್ಳಿ, ಕ್ಯಾಡ್ಮಿಯಂ, ಗ್ಯಾಲಿಯಂ ಇಂಥವು ತಲಾ 50, ಎಲ್ಲ ಸೇರಿ 400 ದಾಟಬಾರದು. ಮಿತಿ ಸ್ಪೆಸಿಫಿಕೇಶನ್‌ನಿಂದ ಸ್ಪೆಸಿಫಿಕೇಶನ್‌ಗೆ ಬದಲಾಗುತ್ತದೆ, ಆದ್ದರಿಂದ ಪರ್ಚೇಸ್ ಆರ್ಡರ್‌ನಲ್ಲಿ ಯಾವುದನ್ನು ಬರೆದಿದ್ದಾರೋ ಅದನ್ನೇ, ಅದರ ಇತ್ತೀಚಿನ ರಿವಿಷನ್ ಅನ್ನೇ ತೆಗೆದು ಓದಿ. ಪಕ್ಕದ ಕಂಪನಿಯವರ ಹಳೇ ಝೆರಾಕ್ಸ್ ನಂಬಬೇಡಿ.

ಎರಡನೆಯದು ಗಂಧಕ. ಇದು ಒಂದೇ ಒಂದು ಗುಂಪಿಗೆ ಸಮ. ನಿಕಲ್ ಮತ್ತು ನಿಕಲ್ ಸಲ್ಫೈಡ್ ಜೊತೆಯಾಗಿ ಸುಮಾರು 640 ಡಿಗ್ರಿಗೇ ಕರಗುತ್ತವೆ. ಅಂದರೆ ಫೋರ್ಜಿಂಗ್‌ಗೆ ಬಿಸಿ ಮಾಡುವಾಗ ಗಡಿ ನೀರಾಗಿಬಿಡಬಹುದು. ಬಿಸಿಯಲ್ಲಿ ಲೋಹವನ್ನು ಕಾಪಾಡುವ ಅಲ್ಯೂಮಿನಾ ಪದರದ ಕೆಳಗೆ ಹೋಗಿ ಕೂತು ಅದನ್ನು ಸಿಪ್ಪೆಯಂತೆ ಏಳಿಸುವುದೂ ಇದೇ ಗಂಧಕ. ಸಿಂಗಲ್ ಕ್ರಿಸ್ಟಲ್‌ಗಳಲ್ಲಿ ಗಂಧಕವನ್ನು 1 ಪಿಪಿಎಂಗಿಂತ ಕೆಳಗೆ ಇಳಿಸಿದಾಗ ಆ ಪದರ ಗಟ್ಟಿಯಾಗಿ ಹಿಡಿದುಕೊಂಡಿತು. 718ರಲ್ಲಿ ಕಾಗದದ ಮೇಲಿನ ಮಿತಿ 0.015%, ಅಂದರೆ 150 ಪಿಪಿಎಂ. ಇದನ್ನು ನೋಡಿ ನೆಮ್ಮದಿಯಾಗಬೇಡಿ, ಅದು ತೀರಾ ಸಡಿಲ. ಒಳ್ಳೆಯ ವ್ಯಾಕ್ಯೂಮ್ ಹೀಟ್‌ಗಳಲ್ಲಿ ಗಂಧಕ 10–20 ಪಿಪಿಎಂಗಿಂತ ಕೆಳಗೇ ಇರುತ್ತದೆ. 100 ಇದ್ದರೆ ನಿಯಮದ ಪ್ರಕಾರ ಪಾಸ್, ಆದರೆ ಕರಗಿಸಿದವರು ಏನು ಹಾಕಿದರು ಅಂತ ನಾನಾದರೆ ಕೇಳುತ್ತೇನೆ.

ಗಂಧಕಕ್ಕೆ ಮದ್ದು ಮೆಗ್ನೀಷಿಯಂ. ಎಸ್‌ಜಿ ಐರನ್‌ನಲ್ಲಿ ಮಾಡುವ ಕೆಲಸವೇ, ಗಂಧಕವನ್ನು ಹಿಡಿದು ಗಟ್ಟಿ ಸಲ್ಫೈಡ್ ಮಾಡಿಬಿಡುವುದು. ಆದರೆ ನಮ್ಮಲ್ಲಿರುವ ಫೆರೋ ಸಿಲಿಕಾನ್ ಮೆಗ್ನೀಷಿಯಂ ಇಲ್ಲಿ ನಡೆಯುವುದಿಲ್ಲ, ಅದರ ಸಿಲಿಕಾನ್ ಬೇಡ. ನಿಕಲ್–ಮೆಗ್ನೀಷಿಯಂ ಬೇಕು. ಅದನ್ನೂ ಕೊನೆಯಲ್ಲಿ ಹಾಕಬೇಕು, ಏಕೆಂದರೆ ವ್ಯಾಕ್ಯೂಮ್‌ನಲ್ಲಿ ಮೆಗ್ನೀಷಿಯಂ ಆವಿಯಾಗಿ ಹೋಗುತ್ತದೆ.

ಟಿಸಿ ಓದುವುದು

ಲೆಕ್ಕಕ್ಕೆ ನಾನೇ ಬರೆದ ಒಂದು 718 ಟಿಸಿಯ ಕೊನೆಯ ಸಾಲುಗಳು ಇಲ್ಲಿವೆ:

ಗಂಧಕ 0.0008
ರಂಜಕ 0.008
ಬೋರಾನ್ 0.0038
ಸೀಸ <0.0005
ಬಿಸ್ಮತ್ <0.0001
ಸೆಲೆನಿಯಂ <0.0005

ಮೇಲ್ನೋಟಕ್ಕೆ ಚಿನ್ನದಂಥ ಹೀಟ್. ಗಂಧಕ 8 ಪಿಪಿಎಂ, ಚೆನ್ನಾಗಿದೆ. ಬೋರಾನ್ 38, ಸರಿ. ಸೀಸ 5 ಪಿಪಿಎಂಗಿಂತ ಕಡಿಮೆ, ಮಿತಿಯೂ 5, ನಡೆಯುತ್ತದೆ. ಈಗ ಬಿಸ್ಮತ್ ನೋಡಿ. <0.0001 ಅಂದರೆ 1 ಪಿಪಿಎಂಗಿಂತ ಕಡಿಮೆ. ಮಿತಿ 0.3. ಲ್ಯಾಬ್ ಹೇಳುತ್ತಿರುವುದು ಇಷ್ಟೇ: ನಮ್ಮ ಮಿಷಿನ್‌ಗೆ 1 ಪಿಪಿಎಂ ಕೆಳಗೆ ಕಣ್ಣು ಕಾಣುವುದಿಲ್ಲ. ಒಳಗೆ 0.1 ಇರಬಹುದು, 0.9 ಕೂಡ ಇರಬಹುದು. 0.9 ಇದ್ದರೆ ಮಿತಿಯ ಮೂರು ಪಟ್ಟು. ಸೆಲೆನಿಯಂ ಕಥೆಯೂ ಅದೇ, <5 ಬರೆದಿದ್ದಾರೆ, ಮಿತಿ 3. ಈ ಟಿಸಿ ಫೇಲ್ ಅಲ್ಲ, ಆದರೆ ಪಾಸ್ ಕೂಡ ಅಲ್ಲ. ಅರ್ಧ ಉತ್ತರ ಪತ್ರಿಕೆ.

<ಗುರುತು ಕಂಡಲ್ಲೆಲ್ಲ ಪಕ್ಕದ ಸಂಖ್ಯೆಯನ್ನು ಮಿತಿಯ ಜೊತೆ ಹೋಲಿಸಿ. ಸಂಖ್ಯೆ ಮಿತಿಗಿಂತ ದೊಡ್ಡದಿದ್ದರೆ ಆ ಸಾಲು ಖಾಲಿ ಅಂತಲೇ ತಿಳಿಯಿರಿ. ಒಬ್ಬ ಸಪ್ಲಾಯರ್‌ಗೆ ಇದನ್ನೇ ಕೇಳಿದಾಗ “ಇಲ್ಲಾ ಅಂತ ಬರದಾರಲ್ರಿ ಸರ್, ಮತ್ತೇನ್ ಬೇಕ್ರಿ ನಿಮಗ?” ಅಂದರು. ಇಲ್ಲ ಅನ್ನುವುದೂ ಕಾಣಲಿಲ್ಲ ಅನ್ನುವುದೂ ಒಂದೇ ಅಲ್ಲ ಅಂತ ವಿವರಿಸುವಷ್ಟರಲ್ಲಿ ಚಹಾ ಆರಿಹೋಯಿತು.

ಇನ್ನೊಂದು ವಿಷಯ: 0.0000 ಅಂತ ಬರೆದ ಸಾಲು. ಅದನ್ನು ಇನ್ನೂ ನಂಬಬೇಡಿ. ಯಾವ ಲ್ಯಾಬಿಗೂ ಸೊನ್ನೆ ಅಳೆಯಲು ಆಗುವುದಿಲ್ಲ.

ಯಾವ ಮಿಷಿನ್ ಏನು ನೋಡುತ್ತದೆ

ನಮ್ಮ ಫೌಂಡ್ರಿಗಳಲ್ಲಿರುವ ಸ್ಪೆಕ್ಟ್ರೋ, ಅಂದರೆ ಕಿಡಿ ಹಾರಿಸಿ ನೋಡುವ ಓಇಎಸ್, ಮುಖ್ಯ ಧಾತುಗಳಿಗೆ ಬಂಗಾರ. ಆದರೆ ಬಿಸ್ಮತ್ 0.3 ಪಿಪಿಎಂ ಇದೆಯೋ ಇಲ್ಲವೋ ಅಂತ ಅದರಿಂದ ಹೇಳಿಸಬೇಡಿ. ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಗನ್ ಗ್ರೇಡ್ ಗುರುತಿಸಲು ಮಾತ್ರ. ಅದಕ್ಕೆ ಬೋರಾನ್, ಕಾರ್ಬನ್ ಕಾಣುವುದೇ ಇಲ್ಲ. ಗಂಧಕ, ಕಾರ್ಬನ್‌ಗೆ ಉರಿಸಿ ನೋಡುವ ವಿಧಾನ. ಆಮ್ಲಜನಕ, ಸಾರಜನಕಕ್ಕೆ ಗ್ರಾಫೈಟ್ ಮೂಸೆಯಲ್ಲಿ ಕರಗಿಸಿ ನೋಡುವ ವಿಧಾನ. ಸಾರಜನಕವನ್ನು ಮರೆಯಬೇಡಿ, ಅದು ಟೈಟಾನಿಯಂ ನೈಟ್ರೈಡ್ ಆಗಿ ಕಾಸ್ಟಿಂಗ್‌ನಲ್ಲಿ ಮೈಕ್ರೋ ಪೊರಾಸಿಟಿ ಹೆಚ್ಚಿಸುತ್ತದೆ. ಬಿಸ್ಮತ್, ಟೆಲ್ಯೂರಿಯಂ, ಥ್ಯಾಲಿಯಂ ಗುಂಪಿಗೆ ಜಿಡಿಎಂಎಸ್, ಐಸಿಪಿ-ಎಂಎಸ್‌ನಂಥ, ಪರಮಾಣುಗಳನ್ನು ತೂಕದ ಮೇಲೆ ಬೇರ್ಪಡಿಸಿ ಎಣಿಸುವ ಸೂಕ್ಷ್ಮ ವಿಧಾನ ಬೇಕು. ಲ್ಯಾಬಿಗೆ ಎನ್‌ಎಬಿಎಲ್ ಮಾನ್ಯತೆ ಇದೆ ಅಂದರೆ ಸಾಲದು. ಯಾವ ಯಾವ ಪರೀಕ್ಷೆಗೆ ಮಾನ್ಯತೆ ಅನ್ನುವ ಅವರ ಸ್ಕೋಪ್ ಹಾಳೆ ತರಿಸಿ, ನಿಕಲ್ ಅಲಾಯ್‌ನಲ್ಲಿ ಆ ಧಾತು, ಆ ರೇಂಜ್ ಇದೆಯಾ ನೋಡಿ. ಕಬ್ಬಿಣಕ್ಕೆ ಇದ್ದರೆ ಪ್ರಯೋಜನ ಇಲ್ಲ.

ಸ್ಯಾಂಪಲ್ ಕತ್ತರಿಸುವಾಗ ಕಟಿಂಗ್ ಆಯಿಲ್ ಬೇಡ, ಮುಟ್ಟುವ ಮುಂಚೆ ಗ್ಲೌಸ್. ಹಿತ್ತಾಳೆ ಕಡಿದ ಅದೇ ಗರಗಸದ ಬ್ಲೇಡ್‌ನಲ್ಲಿ ಕಡಿದು, ಆಮೇಲೆ ಸತು ಎಲ್ಲಿಂದ ಬಂತು, ಸೀಸ ಎಲ್ಲಿಂದ ಬಂತು ಅಂತ ತಲೆ ಕೆರೆದುಕೊಳ್ಳಬೇಡಿ. ಟರ್ನಿಂಗ್‌ಗೆ ಸುಲಭ ಆಗಲಿ ಅಂತ ಹಿತ್ತಾಳೆಯಲ್ಲಿ ಸೀಸ ಬೇಕಂತಲೇ ಹಾಕಿರುತ್ತಾರೆ.

ಟೆನ್ಸೈಲ್ ಪಾಸ್ ಆಯಿತಲ್ಲ ಅನ್ನುವವರಿಗೆ ಒಂದು ಮಾತು. ಕೋಣೆಯ ಬಿಸಿಯಲ್ಲಿ ನಿಮಿಷಗಳಲ್ಲಿ ಎಳೆದು ಮುರಿಯುವ ಪರೀಕ್ಷೆಗೆ ಬಿಸ್ಮತ್ ಕಾಣುವುದೇ ಇಲ್ಲ. ತೂತು ಹುಟ್ಟಿ ಬೆಳೆಯಲು ಬಿಸಿ ಬೇಕು, ಸಮಯ ಬೇಕು. ಅದಕ್ಕೇ 718ಗೆ ಸ್ಟ್ರೆಸ್ ರಪ್ಚರ್ ಟೆಸ್ಟ್ ಇಟ್ಟಿರುವುದು: 649 ಡಿಗ್ರಿ, ಸುಮಾರು 690 ಮೆಗಾಪಾಸ್ಕಲ್ ಭಾರ, ಕನಿಷ್ಠ 23 ಗಂಟೆ. ಒಂದೇ ಪೀಸಿನಲ್ಲಿ ನಯವಾದ ಭಾಗವೂ ಇರುತ್ತದೆ, ನಾಚ್, ಅಂದರೆ ಕೊರೆದ ಕಚ್ಚು, ಕೂಡ ಇರುತ್ತದೆ. ಮುರಿದರೆ ನಯವಾದ ಭಾಗದಲ್ಲಿ ಮುರಿಯಬೇಕು. ನಾಚ್‌ನಲ್ಲಿ ಮುರಿದರೆ ಗಡಿ ದುರ್ಬಲ ಅಂತಲೇ ಮೊದಲು ಅನುಮಾನಿಸಿ.

ಗೇಟಿನಲ್ಲೇ ತಡೆಯುವುದು

ಒಮ್ಮೆ ಲೋಹಕ್ಕೆ ಇಳಿದ ಮೇಲೆ ಎಲ್ಲವನ್ನೂ ಹೊರಗೆ ಹಾಕಲು ಆಗುವುದಿಲ್ಲ. ವ್ಯಾಕ್ಯೂಮ್ ಇಂಡಕ್ಷನ್ ಫರ್ನೇಸ್‌ನಲ್ಲಿ ಹೊತ್ತು ಹಿಡಿದರೆ ಸೀಸ, ಬಿಸ್ಮತ್, ಟೆಲ್ಯೂರಿಯಂ, ಸತು, ಕ್ಯಾಡ್ಮಿಯಂ ಆವಿಯಾಗಿ ಹೋಗುತ್ತವೆ. 1950ರ ದಶಕದಲ್ಲಿ ಈ ಫರ್ನೇಸ್ ಬಂದ ಮೇಲೆಯೇ ಸೂಪರ್‌ಅಲಾಯ್‌ಗಳು ದೊಡ್ಡ ಜಿಗಿತ ಕಂಡಿದ್ದು. ಆದರೆ ತವರ, ಆರ್ಸೆನಿಕ್, ಆಂಟಿಮನಿ ಅಷ್ಟು ಸುಲಭಕ್ಕೆ ಏಳುವುದಿಲ್ಲ, ರಂಜಕ ಅಂತೂ ಕದಲುವುದೇ ಇಲ್ಲ. ಗಂಧಕಕ್ಕೆ ಇಎಸ್‌ಆರ್, ಅಂದರೆ ಕರಗಿದ ಸ್ಲ್ಯಾಗ್ ಮೂಲಕ ಮತ್ತೆ ಕರಗಿಸುವ ವಿಧಾನದ, ಸ್ಲ್ಯಾಗ್ ಬೇಕು. ಆದ್ದರಿಂದ ಚಾರ್ಜ್‌ನಲ್ಲಿ ಬರದ ಹಾಗೆ ನೋಡಿಕೊಳ್ಳುವುದೇ ಅಗ್ಗದ ದಾರಿ.

ರನ್ನರ್, ರೈಸರ್ ಗ್ರೇಡ್‌ವಾರು ಬೇರೆ ಡ್ರಮ್‌ನಲ್ಲಿಡಿ, ಮೇಲೆ ಹೀಟ್ ನಂಬರ್ ಬರೆಯಿರಿ. ಲೇತ್ ಚಿಪ್ಸ್ ಅಂದರೆ ತಲೆನೋವು: ಅದರ ಮೈಮೇಲೆಲ್ಲ ಆಯಿಲ್, ಎಷ್ಟೋ ಆಯಿಲ್‌ಗಳಲ್ಲಿ ಗಂಧಕ, ಜೊತೆಗೆ ಪಕ್ಕದ ಮಿಷಿನ್‌ನ ಹಿತ್ತಾಳೆ ಚೂರು. ತೊಳೆದು, ಒಣಗಿಸಿ, ಬೇರ್ಪಡಿಸುವ ವ್ಯವಸ್ಥೆ ಇಲ್ಲದಿದ್ದರೆ ಅದನ್ನು ಮಾರಿಬಿಡಿ, ಚಾರ್ಜ್‌ಗೆ ಹಾಕಬೇಡಿ. ರಿಟರ್ನ್ಸ್, ಅಂದರೆ ಮತ್ತೆ ಕರಗಿಸಲು ಹಾಕುವ ನಮ್ಮದೇ ಉಳಿಕೆ, ಪಾಲು ಹೆಚ್ಚಿದಷ್ಟೂ ಸಾರಜನಕವೂ ಹೀಟಿನಿಂದ ಹೀಟಿಗೆ ಏರುತ್ತಾ ಹೋಗುತ್ತದೆ.

ಕರಗಿಸದೆ ಬರೀ ಮಷಿನಿಂಗ್ ಮಾಡುವವರೂ ತಪ್ಪಿಸಿಕೊಂಡೆವು ಅಂದುಕೊಳ್ಳಬೇಡಿ. ಒಳ್ಳೆಯ ಬಾರ್ ತಂದು ಮೇಲ್ಮೈಯಿಂದ ವಿಷ ಹಾಕುವ ದಾರಿಗಳು ಬೇಕಾದಷ್ಟಿವೆ. ಡೊಂಕು ಆಕಾರದ ಬ್ಲೇಡ್ ಹಿಡಿಯಲು ಬಿಸ್ಮತ್–ತವರದ ಬೇಗ ಕರಗುವ ಲೋಹದಲ್ಲಿ ಅದನ್ನು ಹೂತು ಮಷಿನಿಂಗ್ ಮಾಡುವ ಪದ್ಧತಿ ಇದೆ. ಆ ಲೋಹದ ಒಂದು ತೆಳು ಪದರ ಉಳಿದುಕೊಂಡು ಹೀಟ್ ಟ್ರೀಟ್‌ಮೆಂಟ್ ಫರ್ನೇಸ್‌ಗೆ ಹೋದರೆ ಅದು ಕರಗಿ ಗ್ರೇನ್ ಗಡಿ ಹಿಡಿದು ಒಳಗಿಳಿಯುತ್ತದೆ. ಕ್ಯಾಡ್ಮಿಯಂ ಲೇಪನದ ಬೋಲ್ಟ್, ಸ್ಪ್ಯಾನರ್, ಸತು ಹಚ್ಚಿದ ಫಿಕ್ಸ್ಚರ್, ಸೀಸದ ಸುತ್ತಿಗೆ, ಗಂಧಕ ಇರುವ ಮಾರ್ಕರ್ ಪೆನ್, ಹಿತ್ತಾಳೆ ವೈರ್‌ನ ವೈರ್‌ಕಟ್ ಬಿಟ್ಟುಹೋದ ಪದರ, ಇವೆಲ್ಲ ಅದೇ ಜಾತಿ. ಫರ್ನೇಸ್‌ಗೆ ಇಡುವ ಮುಂಚೆ ಭಾಗವನ್ನು ಡಿಗ್ರೀಸ್ ಮಾಡಿ, ಬೇಕಿದ್ದರೆ ಆಸಿಡ್ ಪಿಕ್ಲಿಂಗ್ ಮಾಡಿ, ಒರೆಸಲು ಹೊಸ ಬಟ್ಟೆ ತೆಗೆದುಕೊಳ್ಳಿ. ಲೇತ್ ಒರೆಸಿದ ವೇಸ್ಟ್ ಕಾಟನ್ ಬೇಡ. ಅದೇ ಫರ್ನೇಸ್‌ನಲ್ಲಿ ಬೆಳಿಗ್ಗೆ ಸತು ಹಚ್ಚಿದ ಸ್ಟೀಲ್ ಬೇಯಿಸಿದ್ದರೆ ಮಧ್ಯಾಹ್ನ ನಿಕಲ್ ಅಲಾಯ್ ಇಡಬೇಡಿ.

ಟೆಸ್ಟ್ ಪೀಸ್ ಬೇಗ ಮುರಿದರೆ

ಮೊದಲು ಮುರಿದ ಎರಡೂ ತುಂಡು ಎತ್ತಿಡಿ. ಮುರಿದ ಮುಖಗಳನ್ನು ಜೋಡಿಸಿ ನೋಡುವ ಚಟ ಎಲ್ಲರಿಗೂ ಇದೆ, ಅದು ಬೇಡ. ಮುಖ ಉಜ್ಜಿಹೋಗುತ್ತದೆ. ಬೆರಳೂ ತಾಗಿಸಬೇಡಿ. ಒಣ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಎಸ್‌ಇಎಂ, ಅಂದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ, ಕೆಳಗೆ ನೋಡಿದಾಗ ಮುಖದ ತುಂಬ ಗ್ರೇನ್‌ಗಳ ಆಕಾರ ಬಿಡಿಬಿಡಿಯಾಗಿ ಕಂಡರೆ ಮುರಿದದ್ದು ಗಡಿಯಲ್ಲಿ. ಅದರ ಮೇಲೆ ಸಣ್ಣ ಗುಳಿಗಳು ಇದ್ದರೆ ಕ್ರೀಪ್ ತೂತುಗಳು. ಆಗ ಅದೇ ಹೀಟಿನ ಬಾರ್‌ನಿಂದ ಜಿಡಿಎಂಎಸ್‌ಗೆ ಸ್ಯಾಂಪಲ್ ಕಳಿಸಿ. ಗಂಧಕ, ಬೋರಾನ್ ಅಂಕಿ ಕೂಡ ಮತ್ತೆ ತರಿಸಿಕೊಳ್ಳಿ. ಬೋರಾನ್ ತೀರಾ ಕಡಿಮೆ ಇದ್ದರೂ ಹೀಗೇ ಮುರಿಯುತ್ತದೆ, ಬಿಸ್ಮತ್ ಮೇಲೆ ಮಾತ್ರ ಗೂಬೆ ಕೂರಿಸಬೇಡಿ. ಹೀಟ್ ಟ್ರೀಟ್‌ಮೆಂಟ್ ಚಾರ್ಟ್ ಕೂಡ ಪಕ್ಕದಲ್ಲಿಟ್ಟು ನೋಡಿ, ಗ್ರೇನ್ ಸೈಜ್ ಅಳೆಸಿ.

ಗಡಿಯ ಮೇಲೆ ಯಾವ ಧಾತು ಕೂತಿದೆ ಅಂತ ನೇರವಾಗಿ ನೋಡಲು ಓಜೇ (Auger) ಅನ್ನುವ ಪರೀಕ್ಷೆ ಇದೆ. ಆದರೆ ಅದಕ್ಕೆ ಆಗಲೇ ಮುರಿದ ತುಂಡು ಆಗುವುದಿಲ್ಲ. ಗಾಳಿ ತಾಗಿದ ಕ್ಷಣಕ್ಕೇ ಆ ಮುಖ ಹೊಲಸಾಗಿರುತ್ತದೆ, ಆದ್ದರಿಂದ ಮಿಷಿನ್‌ನ ವ್ಯಾಕ್ಯೂಮ್ ಒಳಗೇ ಹೊಸದಾಗಿ ಮುರಿಯಬೇಕು. ಹಾಗಾಗಿ ಪ್ರತಿ ಹೀಟಿನಿಂದ ಒಂದು ಗೇಣುದ್ದ ಬಾರ್ ತುಂಡನ್ನು ಹೀಟ್ ನಂಬರ್ ಪಂಚ್ ಮಾಡಿ, ಟಿಸಿಯ ನಕಲಿನ ಜೊತೆ, ಆ ಭಾಗದ ಕೊನೆಯ ಲಾಟ್ ಹೋಗಿ ಗ್ರಾಹಕರು ಫೈಲ್ ಮುಚ್ಚುವವರೆಗೂ ಸ್ಟೋರ್‌ನಲ್ಲಿ ಇಟ್ಟುಕೊಂಡಿರಿ.